ಬಿಚ್ಚಿ ನೋಡದೆ ಎಂಜಿನ್ ಬದಲಾಯಿಸಬೇಡಿ

ಹಳೇ ಮಾರುತಿ ಜಿಪ್ಸಿ ಜೀಪು ನೀಲಿ ಹೊಗೆ ಹೊಡೆಯಲು, ಅಂದರೆ ಎಂಜಿನ್ ಆಯಿಲ್ ಸುಡಲು, ಶುರು ಮಾಡಿದರೆ ಬೆಂಗಳೂರಿನಲ್ಲಿ ಸಲಹೆಗೇನೂ ಬರವಿಲ್ಲ. ಪಂಕ್ಚರ್ ಅಂಗಡಿಯವರಿಂದ ಹಿಡಿದು ಆಫೀಸಿನ ಗೆಳೆಯರವರೆಗೆ ಎಲ್ಲರೂ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. "ಬೋರ್ ಮಾಡಿಸಿಬಿಡಿ" ಅನ್ನುವುದು ಒಂದು, ಅಂದರೆ ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸುವುದು. "ಬೇರೆ ಎಂಜಿನ್ ಕೂರಿಸಿಬಿಡಿ, ತಲೆನೋವೇ ಇರಲ್ಲ" ಅನ್ನುವುದು ಇನ್ನೊಂದು. ಎರಡನ್ನೂ ತಿಂಗಳುಗಟ್ಟಲೆ ಕೇಳಿಸಿಕೊಂಡು, ಕೊನೆಗೆ ಎಂಜಿನ್ ಇಳಿಸಿ, ಬಿಚ್ಚಿ, ಮತ್ತೆ ಕಟ್ಟಿಸಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಎಂಜಿನ್ ಯಾಕೆ ಸೋತಿತು ಅಂತ ಗೊತ್ತಾಗುವವರೆಗೆ ಈ ಎರಡೂ ಮಾತಿಗೆ ಹೂಂ ಅನ್ನಬಾರದು. ಯಾಕೆ ಸೋತಿತು ಅನ್ನುವುದು ಗೊತ್ತಾಗಬೇಕಾದರೆ ಅದನ್ನು ಬಿಚ್ಚಲೇಬೇಕು.

ನನ್ನದು ಜಿಪ್ಸಿ ಕಿಂಗ್. ಮಾರುತಿ 1985ರಲ್ಲಿ ಜಿಪ್ಸಿ ತಂದಾಗ ಅದರಲ್ಲಿದ್ದದ್ದು 970 ಸಿಸಿಯ ಚಿಕ್ಕ ಎಂಜಿನ್. 1996ರಲ್ಲಿ ಕಿಂಗ್ ಬಂದಾಗ ಎಸ್ಟೀಮ್ ಕಾರಿನ ಜಾತಿಯದೇ 1298 ಸಿಸಿ ಎಂಜಿನ್ ಬಂತು. 2000ದಲ್ಲಿ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ (ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುವ ವ್ಯವಸ್ಥೆ), 16 ವಾಲ್ವ್, 80 ಹಾರ್ಸ್‌ಪವರ್. 2019ರ ಹೊತ್ತಿಗೆ ಸಾಮಾನ್ಯ ಗ್ರಾಹಕರಿಗೆ ಜಿಪ್ಸಿ ಸಿಗುವುದೇ ನಿಂತುಹೋಯಿತು. ಹಾಗಾಗಿ ಇರುವ ಗಾಡಿಯನ್ನು ಉಳಿಸಿಕೊಳ್ಳಬೇಕು, ಅಷ್ಟೇ. ಸಕಲೇಶಪುರದ ಹತ್ತಿರ ನಮ್ಮ ಚಿಕ್ಕಪ್ಪನ ಕಾಫಿ ತೋಟವಿದೆ. ಮಳೆಗಾಲದಲ್ಲಿ ಆ ತೋಟದ ಕೊನೆಯ ಏರು ಹತ್ತುವ ಗಾಡಿ ನಮ್ಮ ಮನೆಯಲ್ಲಿ ಇದೊಂದೇ. ಬೇಸಿಗೆಯಲ್ಲಿ ರಾಮನಗರ, ಕನಕಪುರದ ಕಡೆ ಬಂಡೆ ಹತ್ತಿಸುವ ಗೆಳೆಯರ ಜೊತೆಗೂ ಹೋಗುತ್ತೇನೆ. ಗಾಡಿಯ ಮೇಲೆ ಪ್ರೀತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಪ್ರೀತಿ ಇದೆ ಅಂತ ಎಂಜಿನ್ ಕಟ್ಟಿಸುವುದೂ ಸರಿಯಲ್ಲ, ಬೇಸರ ಬಂತು ಅಂತ ಎಸೆಯುವುದೂ ಸರಿಯಲ್ಲ. ಮೊದಲು ಅಳತೆ ಬೇಕು.

ಹೊಗೆ ನೋಡಿಯೇ ಅರ್ಧ ವಿಷಯ ತಿಳಿಯಬಹುದು. ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟಿರುತ್ತೇವೆ. ಕೆಳಗೆ ಬಂದು ಮತ್ತೆ ಒತ್ತಿದ ತಕ್ಷಣ ಒಂದು ಸಲ ದಪ್ಪಗೆ ನೀಲಿ ಹೊಗೆ ಬಂದು ನಿಂತುಹೋದರೆ ಅನುಮಾನ ವಾಲ್ವ್ ಸೀಲ್ ಮೇಲೆ, ಅಂದರೆ ವಾಲ್ವಿನ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್ ಮೇಲೆ. ಏರು ಹತ್ತುವಾಗ ಉದ್ದಕ್ಕೂ ಹೊಗೆ ಬಂದರೆ ಅನುಮಾನ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಮತ್ತು ಬೋರ್ (ಸಿಲಿಂಡರಿನ ಒಳಗೋಡೆ) ಮೇಲೆ. ನನ್ನ ಗಾಡಿಯಲ್ಲಿ ಎರಡೂ ಇತ್ತು. ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳ ತೆಗೆದರೆ ಬುಸುಬುಸು ಅಂತ ಹೊಗೆ ಮೇಲೆ ಬರುತ್ತಿತ್ತು. ಅಂದರೆ ಉರಿದ ಗ್ಯಾಸ್ ಪಿಸ್ಟನ್ ದಾಟಿ ಕೆಳಗೆ ಇಳಿಯುತ್ತಿದೆ ಅಂತ ಅರ್ಥ.

ಆಮೇಲೆ ಕಂಪ್ರೆಷನ್ ಗೇಜ್, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ಅಳೆಯುವ ಮೀಟರ್. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಬ್ಯಾಟರಿ ಚೆನ್ನಾಗಿರಬೇಕು. ಈ ಎಂಜಿನ್ನಿಗೆ ಸರ್ವಿಸ್ ಪುಸ್ತಕ ಹೇಳುವುದು ಸುಮಾರು 199 ಪಿಎಸ್‌ಐ. 170ಕ್ಕಿಂತ ಕೆಳಗೆ ಬರಬಾರದು, ಸಿಲಿಂಡರಿಂದ ಸಿಲಿಂಡರಿಗೆ 14ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ನನ್ನದರಲ್ಲಿ ಬಂದದ್ದು 150, 145, 115, 148. ಇದನ್ನು ನೋಡಿದ ಒಬ್ಬರು "ನಾಲ್ಕೂ ಹೋಗಿದೆ, ಎಂಜಿನ್ ಬದಲಾಯಿಸಿ" ಅಂದರು. ಇಲ್ಲಿ ಒಂದು ವಿಷಯ ಹೇಳಲೇಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ ಶೇಕಡಾ 10ರಷ್ಟು ಕಮ್ಮಿ. ಸಿಲಿಂಡರ್ ಎಳೆದುಕೊಳ್ಳುವ ಗಾಳಿ ತೆಳುವಾಗಿದ್ದರೆ ಗೇಜ್ ತೋರಿಸುವ ಅಂಕಿಯೂ ಅಷ್ಟೇ ಕೆಳಗಿರುತ್ತದೆ. ಪುಸ್ತಕದ 170 ಅಂದರೆ ನಮ್ಮೂರಲ್ಲಿ 153ರ ಆಸುಪಾಸು. ಆ ಲೆಕ್ಕದಲ್ಲಿ ನನ್ನ ಮೂರು ಸಿಲಿಂಡರುಗಳು ಸವೆದಿದ್ದವು, ಸತ್ತಿರಲಿಲ್ಲ. ಮೂರನೆಯದು ಮಾತ್ರ ನಿಜವಾಗಿ ಕೆಟ್ಟಿತ್ತು. ಮಂಗಳೂರಿನಲ್ಲಿ ಅಳೆದ ಅಂಕಿಯನ್ನೂ ಇಲ್ಲಿ ಅಳೆದ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವವರು ಇದನ್ನು ನೆನಪಿಡಬೇಕು.

ಮೂರನೇ ಸಿಲಿಂಡರಿಗೆ ಪ್ಲಗ್ ತೂತಿನಿಂದ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ 115 ಇದ್ದದ್ದು 150 ದಾಟಿತು. ಆಯಿಲ್ ರಿಂಗಿನ ಸಂದು ಮುಚ್ಚಿದ್ದಕ್ಕೆ ಒತ್ತಡ ಏರಿತು. ವಾಲ್ವಿನಿಂದ ಸೋರುತ್ತಿದ್ದರೆ ಆಯಿಲ್ ಬಿಟ್ಟರೂ ಏರುತ್ತಿರಲಿಲ್ಲ. ವಿಲ್ಸನ್ ಗಾರ್ಡನ್ ಕಡೆಯ ನಮ್ಮ ಮೆಕ್ಯಾನಿಕ್ ಗೇಜ್ ಒರೆಸುತ್ತಾ, "ಸಾರ್, ಮೂರನೇದ್ರಲ್ಲಿ ರಿಂಗ್ ಹೋಗಿದೆ. ಬ್ಲಾಕ್ ಹೋಗಿದೆ ಅಂತ ಮಾತ್ರ ನಾನು ಹೇಳಲ್ಲ. ಹೆಡ್ ಎತ್ತಿದ್ಮೇಲೆ ಮಾತಾಡೋಣ" ಅಂದರು. ಬ್ಲಾಕ್ ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಒಡಲು, ಹೆಡ್ ಅಂದರೆ ಅದರ ಮೇಲಿನ ಮುಚ್ಚಳ. ಅವರ ಮೇಲೆ ನಂಬಿಕೆ ಬಂದದ್ದೇ ಈ ಮಾತಿನಿಂದ. ಗೊತ್ತಿಲ್ಲದ್ದನ್ನು ಗೊತ್ತು ಅನ್ನದ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ.

ಇನ್ನು ಬೇರೆ ಎಂಜಿನ್ ಹಾಕಿಸುವ ಮಾತು. ಅದನ್ನೂ ನಾನು ಸುಮ್ನೆ ತಳ್ಳಿಹಾಕಲಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಎಸ್ಟೀಮ್ ಎಂಜಿನ್ನುಗಳನ್ನು ನೋಡಿ ಬಂದೆ. ಬೆಲೆ ಕೇಳಿದರೆ ಆಸೆ ಆಗುತ್ತದೆ. ಆದರೆ ಅಲ್ಲಿ ನೆಲದ ಮೇಲೆ ಕೂತಿರುವ ಎಂಜಿನ್ ಎಷ್ಟು ಓಡಿದೆ, ಬಿಸಿ ಹತ್ತಿ ನಿಂತಿತ್ತಾ, ನೀರು ಕುಡಿದಿತ್ತಾ, ಯಾರಿಗೂ ಗೊತ್ತಿಲ್ಲ. ಈ ಎಂಜಿನ್ನಿನ ಬ್ಲಾಕ್ ಅಲ್ಯೂಮಿನಿಯಂದು, ಒಳಗೆ ಸಿಲಿಂಡರಿನ ಗೋಡೆಯಾಗಿ ಕಬ್ಬಿಣದ ಸ್ಲೀವ್, ಅಂದರೆ ಕೊಳವೆ. ಒಮ್ಮೆ ಚೆನ್ನಾಗಿ ಬಿಸಿ ಹತ್ತಿದ್ದರೆ ಹೆಡ್ ಸೊಟ್ಟಗಾಗಿರುತ್ತದೆ, ಬ್ಲಾಕಿನ ಮೇಲ್ಮೈಯೂ ಕೆಟ್ಟಿರಬಹುದು. ಅದು ತಿಳಿಯಬೇಕಾದರೆ ಅದನ್ನೂ ಬಿಚ್ಚಬೇಕು. ಬಿಚ್ಚಿದ ಮೇಲೆ ಅದಕ್ಕೂ ರಿಂಗ್, ಬೇರಿಂಗ್, ಸೀಲ್, ಗ್ಯಾಸ್ಕೆಟ್ ಸೆಟ್ ಬೇಕೇ ಬೇಕು. ಅದೂ ಅಲ್ಲದೆ ಎಸ್ಟೀಮಿನಲ್ಲಿ ಎಂಜಿನ್ ಅಡ್ಡ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ ಕೂರುತ್ತದೆ. ಮೌಂಟಿಂಗ್, ಮ್ಯಾನಿಫೋಲ್ಡ್ ಎಲ್ಲ ಹಳೇದರಿಂದ ಬಿಚ್ಚಿ ಹಾಕಿಕೊಳ್ಳಬೇಕು. ಇಷ್ಟೆಲ್ಲ ಮಾಡಿದ ಮೇಲೆ ನಮಗೆ ಸಿಗುವುದು ಪೂರ್ವಾಪರ ಗೊತ್ತಿಲ್ಲದ ಇನ್ನೊಂದು ಹಳೇ ಎಂಜಿನ್.

ಕಾಗದದ ವಿಷಯವೂ ಸಣ್ಣದಲ್ಲ. ಎಂಜಿನ್ ನಂಬರ್ ಇರುವುದು ಬ್ಲಾಕಿನ ಮೇಲೆ. ಬ್ಲಾಕ್ ಬದಲಾದರೆ ಆರ್‌ಸಿಯಲ್ಲಿರುವ ನಂಬರಿಗೂ ಗಾಡಿಯಲ್ಲಿರುವ ನಂಬರಿಗೂ ತಾಳೆ ಇರುವುದಿಲ್ಲ. ಅದೇ ಮಾದರಿಯ ಎಂಜಿನ್ ಹಾಕಿದರೂ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ಅದಕ್ಕೆ ಎಂಜಿನ್ ಎಲ್ಲಿಂದ ಬಂತು ಅನ್ನುವ ಬಿಲ್ ಬೇಕು. ಗುಜರಿಯಲ್ಲಿ ಅಂಥ ಕಾಗದ ಸಿಗುವುದು ಕಷ್ಟ. ಖಾಸಗಿ ಗಾಡಿಗೆ 15 ವರ್ಷ ಆದ ಮೇಲೆ ರಿಜಿಸ್ಟ್ರೇಷನ್ ನವೀಕರಣ ಆಗಬೇಕು, ಆಮೇಲೆ 5 ವರ್ಷಕ್ಕೊಮ್ಮೆ ಮತ್ತೆ. ಆಗ ಇನ್‌ಸ್ಪೆಕ್ಟರ್ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ನೋಡುತ್ತಾರೆ. ನಂಬರ್ ಬೇರೆ ಇದ್ದರೆ ಇನ್ಶೂರೆನ್ಸ್ ಕ್ಲೇಮಿನಲ್ಲೂ ತೊಂದರೆ. ಕದ್ದ ಗಾಡಿಯ ಎಂಜಿನ್ ನಮ್ಮ ಬಾನೆಟ್ಟಿನ ಕೆಳಗೆ ಬಂದು ಕೂತರೆ ಏನು ಗತಿ, ಯೋಚನೆ ಮಾಡಿ.

ಬಲಿನೋ ಎಂಜಿನ್ ವಿಷಯ ಬೇರೆಯೇ. ಹಳೇ ಬಲಿನೋ ಸೆಡಾನಿನ 1590 ಸಿಸಿ ಎಂಜಿನ್ ಇದೇ ಕುಟುಂಬದ ದೊಡ್ಡಣ್ಣ. ರ‍್ಯಾಲಿಯವರಿಗೆ ಅದು ತುಂಬಾ ಇಷ್ಟ. ನನ್ನ ಗೆಳೆಯರೊಬ್ಬರು ಹಾಕಿಸಿಕೊಂಡಿದ್ದಾರೆ, ಓಡಿಸಿ ನೋಡಿದ್ದೇನೆ, ಎಳೆತ ನಿಜಕ್ಕೂ ಚೆನ್ನಾಗಿದೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ತಾಳೆಯಾಗದಂತೆ ಗಾಡಿ ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಟ್ರ್ಯಾಕಿನಲ್ಲಿ ಓಡುವ ಗಾಡಿಗೆ ಅದು ಸರಿ ಇರಬಹುದು. ಊರಿಗೆ ಹೋಗಿ ಬರುವ, ಮನೆಯವರನ್ನು ಕೂರಿಸಿಕೊಳ್ಳುವ ಗಾಡಿಗೆ ನಾನು ಹಾಕಿಸಲಾರೆ. ನಿಜ ಹೇಳಬೇಕೆಂದರೆ ಬಂಡೆ ಹತ್ತುವುದಕ್ಕೆ ಜಾಸ್ತಿ ಪವರ್ ಬೇಕಿಲ್ಲ. ಸುಮಾರು ಒಂದು ಟನ್ ತೂಕದ ಗಾಡಿ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರ್) ಹಾಕಿದರೆ 80 ಹಾರ್ಸ್‌ಪವರ್ ಧಾರಾಳ.

ಎಂಜಿನ್ ಇಳಿಸಿದೆವು. ಹೆಡ್ ಎತ್ತುವ ಮೊದಲೇ ನಮ್ಮ ಮೆಕ್ಯಾನಿಕ್ ನನ್ನನ್ನು ಕರೆದು ಎಂಜಿನ್ನಿಗೆ ಗಾಳಿ ಹೋಗುವ ಬಾಯಿಯಾದ ಥ್ರಾಟಲ್ ಬಾಡಿಯ ಒಳಗೆ ಬೆರಳು ಹಾಕಿಸಿದರು. ಬೆರಳಿಗೆ ಕಂದು ಬಣ್ಣದ ಪೇಸ್ಟ್ ಅಂಟಿತು, ಉಜ್ಜಿದರೆ ಮರಳಿನಂತೆ ಗರಗರ. ಏರ್ ಫಿಲ್ಟರ್ ದಾಟಿ ಬರುವ ಗಾಳಿಯಲ್ಲಿ ಮಣ್ಣು ಹೇಗೆ ಬಂತು? ಫಿಲ್ಟರಿನಿಂದ ಥ್ರಾಟಲ್ ಬಾಡಿಗೆ ಬರುವ ರಬ್ಬರ್ ಹೋಸನ್ನು ಕಳಚಿ ಬಗ್ಗಿಸಿದಾಗ ಕಾಣಿಸಿತು. ಕ್ಲ್ಯಾಂಪಿನ ಪಕ್ಕದಲ್ಲಿ, ಕೆಳಭಾಗದಲ್ಲಿ, ಮಡಿಕೆಯ ಸಂದಿನಲ್ಲಿ ಉದ್ದಕ್ಕೆ ಬಿರುಕು. ಹೋಸ್ ಜಾಗದಲ್ಲಿದ್ದಾಗ ಅದು ಕಣ್ಣಿಗೆ ಬೀಳುವ ಹಾಗೇ ಇರಲಿಲ್ಲ. ರಬ್ಬರಿಗೆ ವಯಸ್ಸಾಗಿತ್ತು. ಮುಂದಿನ ಗಾಡಿ ಎಬ್ಬಿಸಿದ ಕನಕಪುರದ ಧೂಳೆಲ್ಲ ಆ ಬಿರುಕಿನಿಂದ ನೇರ ಸಿಲಿಂಡರಿಗೆ ಹೋಗಿದೆ.

ಇಡೀ ಕೆಲಸದಲ್ಲಿ ನನಗೆ ಮುಖ್ಯ ಅನಿಸಿದ್ದು ಈ ಬಿರುಕು. ಹೊಗೆ ಬಂತು ಅಂತ ಎಂಜಿನ್ ಎತ್ತಿ ಇನ್ನೊಂದು ಕೂರಿಸಿದ್ದರೆ ಅದೇ ಹೋಸನ್ನೇ ಅದಕ್ಕೂ ಸಿಕ್ಕಿಸುತ್ತಿದ್ದೆವು. ಅದೂ ಅದೇ ಧೂಳು ತಿನ್ನುತ್ತಿತ್ತು. ಹಳೇ ಎಂಜಿನ್ ಹೊರಗೆ ಹೋಗುತ್ತಿತ್ತು, ಅದನ್ನು ಕೆಡಿಸಿದ ಕಾರಣ ಗಾಡಿಯಲ್ಲೇ ಉಳಿಯುತ್ತಿತ್ತು. ಬದಲಾಯಿಸಿದ ಎಂಜಿನ್ ಬೇಗ ಕೆಟ್ಟರೆ ಜನ ಗುಜರಿಯವರನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪು ರೇಡಿಯೇಟರಿನಲ್ಲೋ, ಹೋಸಿನಲ್ಲೋ, ಫ್ಯಾನಿನಲ್ಲೋ ಇರುತ್ತದೆ.

ಬ್ಲಾಕನ್ನು ಕಾಮಾಕ್ಷಿಪಾಳ್ಯದ ಒಂದು ಬೋರಿಂಗ್ ಶಾಪಿಗೆ ಒಯ್ದೆವು. ಯಜಮಾನರು ಮೆಷಿನ್ ಟೂಲ್ ಕಾರ್ಖಾನೆ ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿತವರು. ಬೋರ್ ಗೇಜನ್ನು ಮೈಕ್ರೋಮೀಟರಿನಲ್ಲಿ 74 ಮಿಲಿಮೀಟರಿಗೆ ಸೊನ್ನೆ ಮಾಡಿಕೊಂಡು ಸಿಲಿಂಡರಿಗೆ ಇಳಿಸಿದರು. ಮೇಲೆ, ನಡುವೆ, ಕೆಳಗೆ. ಒಂದು ಸಲ ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ದಂಡ) ಉದ್ದಕ್ಕೆ, ಇನ್ನೊಂದು ಸಲ ಅಡ್ಡಕ್ಕೆ. ಗೇಜನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ, ಮುಳ್ಳು ತಿರುಗಿ ವಾಪಸ್ ಹೋಗುವ ಜಾಗದ ಅಂಕಿಯನ್ನು ಕೂಗಿ ಹೇಳುತ್ತಿದ್ದರು. ಹುಡುಗ ಅದನ್ನು ಸೀಮೆಸುಣ್ಣದಲ್ಲಿ ಬ್ಲಾಕಿನ ಮೇಲೇ ಬರೆಯುತ್ತಿದ್ದ. ಕೆಳಗೆ ಹೆಚ್ಚುಕಮ್ಮಿ ಹೊಸದರ ಅಳತೆಯೇ ಇತ್ತು. ಮೇಲೆ, ಮೊದಲ ರಿಂಗ್ ತಿರುಗುವ ಜಾಗದಲ್ಲಿ, 0.17 ಮಿಲಿಮೀಟರ್ ಸವೆತ. "ನೋಡಿ, ಮೇಲ್ಗಡೆ ಮಾತ್ರ ತಿಂದಿದೆ. ಇದು ಧೂಳಿಂದು. ಆಯಿಲ್ ತಪ್ಪಲ್ಲ" ಅಂದರು. ಹೋಸಿನ ವಿಷಯ ಅವರಿಗೆ ನಾವಿನ್ನೂ ಹೇಳಿರಲಿಲ್ಲ.

0.17 ಅಂದರೆ ಏನು ಮಹಾ ಅನಿಸಬಹುದು. ಬೋರ್ ಅಷ್ಟು ಅಗಲವಾದರೆ ಸುತ್ತಳತೆ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಬೆಳೆಯುತ್ತದೆ, ರಿಂಗಿನ ಬಾಯಿಯೂ ಅಷ್ಟೇ ತೆರೆದುಕೊಳ್ಳುತ್ತದೆ. ರಿಂಗ್ ಕೂಡ ಸವೆದಿರುತ್ತದಲ್ಲ. ಹೊಸದರಲ್ಲಿ ಕಾಲು ಮಿಲಿಮೀಟರ್ ಆಸುಪಾಸು ಇರಬೇಕಾದ ಸಂದು ನನ್ನದರಲ್ಲಿ ಒಂದು ಮಿಲಿಮೀಟರ್ ದಾಟಿತ್ತು. ಮೂರನೆಯದರಲ್ಲಿ ಮೇಲಿನ ರಿಂಗ್ ಮುರಿದೇ ಹೋಗಿ ಗೋಡೆಯ ಮೇಲೆ ಗೀರು ಎಳೆದಿತ್ತು. ಉಗುರಿಗೆ ತಗಲುವಷ್ಟು ಗೀರು.

ಮಿಕ್ಕಿದ್ದೆಲ್ಲ ಒಳ್ಳೆಯ ಸುದ್ದಿ. ಕ್ರ್ಯಾಂಕ್ ಜರ್ನಲ್‌ಗಳು (ಬೇರಿಂಗಿನಲ್ಲಿ ತಿರುಗುವ ಭಾಗಗಳು) ಅಳತೆಯಲ್ಲೇ ಇದ್ದವು, ಪಾಲಿಶ್ ಸಾಕು ಅಂದರು. ಹೆಡ್ಡಿನ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು 0.05 ಮಿಲಿಮೀಟರಿನ ಫೀಲರ್ (ಸಂದು ಅಳೆಯುವ ತೆಳು ತಗಡು) ತೂರಿಸಲು ನೋಡಿದರು, ಎಲ್ಲೂ ತೂರಲಿಲ್ಲ. ಎಂಜಿನ್ ಯಾವತ್ತೂ ಬಿಸಿ ಹತ್ತಿರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ತೀರ್ಮಾನ ಅಲ್ಲೇ ಆಯಿತು. ಇಂಥ ಬ್ಲಾಕನ್ನೂ ಕ್ರ್ಯಾಂಕನ್ನೂ ಗುಜರಿಗೆ ಹಾಕುವುದು ಅನ್ಯಾಯ.

ಈ ಬ್ಲಾಕಿಗೆ ಓವರ್‌ಸೈಜ್ ಪಿಸ್ಟನ್ ಎರಡೇ, ಮೂಲ ಅಳತೆಗಿಂತ 0.25 ಇಲ್ಲವೇ 0.50 ಮಿಲಿಮೀಟರ್ ದೊಡ್ಡದು. "ಟ್ವೆಂಟಿಫೈವ್‌ನಲ್ಲಿ ಮೂರನೇದು ಕ್ಲೀನ್ ಆಗಲ್ಲ ಸಾರ್, ಫಿಫ್ಟಿನೇ ಹೋಗ್ಬೇಕು. ಮೊದ್ಲು ಪಿಸ್ಟನ್ ತನ್ನಿ. ಪಿಸ್ಟನ್ ಕೈಗೆ ಬರದೆ ನಾನು ಬೋರ್ ಮುಟ್ಟಲ್ಲ" ಅಂದರು ಯಜಮಾನರು. ಇದು ಎಲ್ಲ ಶಾಪಿನವರೂ ಪಾಲಿಸಬೇಕಾದ ನಿಯಮ. ಪಿಸ್ಟನ್ನಿಗೂ ಗೋಡೆಗೂ ಇರಬೇಕಾದ ಸಂದು 0.02ರಿಂದ 0.04 ಮಿಲಿಮೀಟರ್, ಒಂದು ತಲೆಕೂದಲಿನಷ್ಟೂ ದಪ್ಪವಿಲ್ಲ. ಡಬ್ಬಿಯ ಮೇಲೆ ಬರೆದ ಅಳತೆ ನಂಬಿ ಬೋರ್ ಮಾಡಿದರೆ ಆ ಸಂದು ಸಿಗುವುದಿಲ್ಲ. ನಾಲ್ಕೂ ಪಿಸ್ಟನ್ನನ್ನು ಒಂದೊಂದಾಗಿ ಅಳೆದು, ಯಾವುದು ಯಾವ ಸಿಲಿಂಡರಿಗೆ ಅಂತ ಗುರುತು ಹಾಕಿ, ಆಮೇಲೆ ಕೊಯ್ಯಬೇಕು.

ಪಿಸ್ಟನ್ನಿಗಾಗಿ ಜೆ.ಸಿ. ರೋಡ್ ಅಲೆದೆ. ಜೆ.ಸಿ. ರೋಡ್, ಕಲಾಸಿಪಾಳ್ಯ ಇರುವವರೆಗೆ ಹಳೇ ಗಾಡಿ ಇಟ್ಟುಕೊಂಡವರಿಗೆ ಧೈರ್ಯ. ಆದರೆ ಡೂಪ್ಲಿಕೇಟ್ ಹಾವಳಿಯೂ ಅಲ್ಲೇ. ಬಿಲ್ ಕೊಡದ ಅಂಗಡಿಯಲ್ಲಿ ರಿಂಗ್, ಬೇರಿಂಗ್ ತೆಗೆದುಕೊಳ್ಳಲೇಬೇಡಿ. ನಮ್ಮ ಯಲಹಂಕದಲ್ಲೇ ಗೋಯೆಟ್ಜೆ ಕಂಪನಿಯ ಪಿಸ್ಟನ್, ರಿಂಗ್ ಕಾರ್ಖಾನೆ ಇರುವಾಗ ಹೆಸರಿಲ್ಲದ ಡಬ್ಬಿಗೆ ಯಾಕೆ ಕೈ ಹಾಕಬೇಕು?

ಎಂಜಿನ್ ಬಿಚ್ಚಿ ಕಟ್ಟುವುದು ಈ ಊರಿಗೆ ಹೊಸದೇನಲ್ಲ. 1940ರಲ್ಲಿ ಶುರುವಾದ ಎಚ್‌ಎಎಲ್‌ನಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲೇ ಅಮೆರಿಕನ್ ವಿಮಾನಗಳ ಎಂಜಿನ್ ಓವರ್‌ಹಾಲ್ ಆಗುತ್ತಿತ್ತು. ಆಮೇಲೆ ಟೆಲಿಫೋನ್ ಕಾರ್ಖಾನೆ ಐಟಿಐ ಬಂತು, 1951ರಲ್ಲಿ ಮೈಕೋ (ಈಗಿನ ಬಾಷ್), 1953ರಲ್ಲಿ ಎಚ್‌ಎಂಟಿ. ಈ ಕಾರ್ಖಾನೆಗಳಲ್ಲಿ ಮೈಕ್ರೋಮೀಟರ್ ಹಿಡಿಯಲು ಕಲಿತ ಎಷ್ಟೋ ಜನ ರಾಜಾಜಿನಗರ, ಕಾಮಾಕ್ಷಿಪಾಳ್ಯ, ಪೀಣ್ಯದ ಕಡೆ ಸ್ವಂತ ಶೆಡ್ ಹಾಕಿದರು. ನೂರರಲ್ಲೊಂದು ಮಿಲಿಮೀಟರಿಗೆ ತಲೆ ಕೆಡಿಸಿಕೊಳ್ಳುವ ಅಭ್ಯಾಸ ಹಾಗೆ ಗಲ್ಲಿಗಳಿಗೆ ಇಳಿಯಿತು. ಬೆಂಗಳೂರು ಅಂದರೆ ಸಾಫ್ಟ್‌ವೇರ್ ಅನ್ನುವವರು ಒಂದು ಮಧ್ಯಾಹ್ನ ಆ ಗಲ್ಲಿಗಳಲ್ಲಿ ನಡೆದು ನೋಡಬೇಕು. ಇಂಥ ಕೈಗಳು ಇರುವ ಊರಿನಲ್ಲಿ ಒಳ್ಳೆಯ ಬ್ಲಾಕ್ ಎಸೆಯಲು ನನಗೆ ಮನಸ್ಸು ಬರುವುದಿಲ್ಲ. ನಾವು ಕೆಲಸ ಕೊಡುತ್ತಿದ್ದರೆ ಆ ಶಾಪುಗಳು ಉಳಿಯುತ್ತವೆ. ಎಲ್ಲರೂ ಎಂಜಿನ್ ಎತ್ತಿ ಎಂಜಿನ್ ಇಡುವುದಕ್ಕೇ ನಿಂತರೆ ಆ ಬೋರಿಂಗ್ ಮೆಷಿನ್ನೂ ಒಂದು ದಿನ ಗುಜರಿಗೇ ಹೋಗುತ್ತದೆ.

ಬೋರ್, ಹೋನಿಂಗ್ (ಕಲ್ಲಿನಿಂದ ಒಳಗೋಡೆ ಉಜ್ಜುವುದು) ಮುಗಿದು ಬ್ಲಾಕ್ ವಾಪಸ್ ಬಂದಾಗ ಒಳಗೋಡೆಯಲ್ಲಿ ಅಡ್ಡಡ್ಡ ಸಣ್ಣ ಗೆರೆಗಳು ಹೊಳೆಯುತ್ತಿದ್ದವು. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲೇ. ಹೋನಿಂಗ್ ಕಲ್ಲಿನ ಪುಡಿ ಕೂರುವುದೂ ಅಲ್ಲೇ. ಎಷ್ಟೋ ಗ್ಯಾರೇಜಿನಲ್ಲಿ ಸೀಮೆಎಣ್ಣೆ ಇಲ್ಲವೇ ಪೆಟ್ರೋಲಿನಲ್ಲಿ ಒರೆಸಿ ಪಿಸ್ಟನ್ ಇಳಿಸಿಬಿಡುತ್ತಾರೆ. ಪೆಟ್ರೋಲ್ ಜಿಡ್ಡನ್ನು ತೆಗೆಯುತ್ತದೆ, ಪುಡಿಯನ್ನು ಅಲ್ಲೇ ಬಿಡುತ್ತದೆ. ನಮ್ಮ ಮೆಕ್ಯಾನಿಕ್ ಬಿಸಿನೀರು, ಬಟ್ಟೆ ಸೋಪು, ಬ್ರಷ್ ಹಿಡಿದು ಒಂದೊಂದೇ ಸಿಲಿಂಡರ್ ತಿಕ್ಕಿದರು. ಒಣಗಿಸಿ, ಬಿಳಿ ಬಟ್ಟೆಗೆ ಸ್ವಲ್ಪ ಆಯಿಲ್ ಹಚ್ಚಿ ಒರೆಸಿದರೆ ಬಟ್ಟೆ ಬೂದಿ ಬಣ್ಣ. ಮತ್ತೆ ಸೋಪು, ಮತ್ತೆ ಬಟ್ಟೆ. ಬಟ್ಟೆ ಬಿಳಿಯಾಗೇ ಈಚೆ ಬರುವವರೆಗೆ ಬಿಡಲಿಲ್ಲ. ಧೂಳಿನಿಂದ ಸತ್ತ ಎಂಜಿನ್ನಿಗೆ ಮತ್ತೆ ಕಲ್ಲುಪುಡಿ ತಿನ್ನಿಸಿ ಕಳಿಸಿದರೆ ಇಷ್ಟೆಲ್ಲ ಮಾಡಿ ಏನು ಬಂತು, ಅಲ್ವಾ?

ಹಾಗಂತ ಎಲ್ಲ ಎಂಜಿನ್ನೂ ಕಟ್ಟಿಸಲು ಯೋಗ್ಯ ಅಂತ ನಾನು ಹೇಳುವುದಿಲ್ಲ. ಬಿಸಿ ಹತ್ತಿ ಬ್ಲಾಕ್ ಸೊಟ್ಟಗಾಗಿದ್ದರೆ, ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನಲ್ಲಿ ಕಿಂಡಿ ತೆಗೆದಿದ್ದರೆ, ಕ್ರ್ಯಾಂಕ್ ಗ್ರೈಂಡಿಂಗಿಗೂ ಸಿಗದಷ್ಟು ಸವೆದಿದ್ದರೆ ಬೇರೆ ಎಂಜಿನ್ನೇ ಸರಿ. ಆದರೆ ಬಿಲ್ ಇರುವುದನ್ನೇ ತನ್ನಿ, ಅದನ್ನೂ ಬಿಚ್ಚಿ ಅಳೆದೇ ಕೂರಿಸಿ, ಆರ್‌ಸಿ ಸರಿಮಾಡಿಸಿಕೊಳ್ಳಿ. ದಿನಾ ದುಡಿಯುವ ಗಾಡಿಯಾದರೆ ವಾರಗಟ್ಟಲೆ ಕಾಯುವುದು ಕಷ್ಟ, ಅದು ನನಗೆ ಅರ್ಥವಾಗುತ್ತದೆ. ನನಗೆ ಕಾಯುವ ಅನುಕೂಲ ಇತ್ತು. ನೆಚ್ಚಿನ ಬೋರಿಂಗ್ ಶಾಪ್ ಹತ್ತಿರದಲ್ಲಿ ಇಲ್ಲದ ಊರಿನವರಿಗೂ ಲೆಕ್ಕ ಬೇರೆಯಾಗುತ್ತದೆ. ಅಳತೆ ತೆಗೆಯದೆ ಮಾಡಿದ ಬೋರ್ ಕೆಲಸಕ್ಕಿಂತ ಒಳ್ಳೆಯ ಸೆಕೆಂಡ್ ಹ್ಯಾಂಡ್ ಎಂಜಿನ್ ಎಷ್ಟೋ ಮೇಲು.

ಕಟ್ಟಿದ ಮೇಲೆ ಮೊದಲ 1000 ಕಿಲೋಮೀಟರ್ ಭಾರ ಹಾಕಲಿಲ್ಲ. ಆದರೆ ಒಂದೇ ವೇಗದಲ್ಲಿ ಹೈವೇಯಲ್ಲಿ ಎಳೆಯಲೂ ಇಲ್ಲ. ರಿಂಗ್ ಕೂರಬೇಕಾದರೆ ಆಕ್ಸಿಲರೇಟರ್ ಒತ್ತುವುದು, ಬಿಡುವುದು ಆಗುತ್ತಿರಬೇಕು. ಮಾಗಡಿ ರಸ್ತೆಯ ಏರಿಳಿತ ಅದಕ್ಕೆ ಹೇಳಿ ಮಾಡಿಸಿದ್ದು. ಮೊದಲ ಆಯಿಲನ್ನು ಬೇಗ ಇಳಿಸಿದೆವು. ಆಮೇಲೆ ಅದೇ ಗೇಜ್ ಹಾಕಿದಾಗ ನಾಲ್ಕೂ ಸಿಲಿಂಡರ್ 175ರಿಂದ 180ರ ಒಳಗೆ ನಿಂತವು. ಬೆಂಗಳೂರಿನ ಎತ್ತರಕ್ಕೆ ಇದು ಹೊಸ ಎಂಜಿನ್ನಿನ ಅಂಕಿ. ಹೋಸ್ ಹೊಸದು ಹಾಕಿಸಿದ್ದೇನೆ. ಪ್ರತಿ ಸರ್ವಿಸಿನಲ್ಲೂ ಅದನ್ನು ಕಳಚಿ, ಬಗ್ಗಿಸಿ ನೋಡುತ್ತೇವೆ.

ಬೋರಿಂಗ್ ಶಾಪಿನ ಯಜಮಾನರು ಅಳತೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ಅದರ ಜೆರಾಕ್ಸ್ ಆರ್‌ಸಿ ಕವರಿನಲ್ಲಿದೆ. ಮುಂದೆ ಯಾರು ಈ ಎಂಜಿನ್ ಬಿಚ್ಚಿದರೂ ಅವರಿಗೆ ಮೊದಲು ಬೇಕಾಗುವುದು ಆ ಚೀಟಿಯ ಕೊನೆಯ ಸಾಲು: ನಾಲ್ಕೂ 0.50 ಆಗಿದೆ, ಇನ್ನು ಬೋರ್ ಇಲ್ಲ, ಸ್ಲೀವ್ ಹಾಕಬೇಕು.